ಊರವರು ಎಲ್ಲಿ ತಿಂತಾರೆ? ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬ್ಯಾಡಗಿ

ಶುಕ್ರವಾರ: ಕ್ಯಾತ್ಸಂದ್ರದಲ್ಲಿ ನಾಷ್ಟಾ, ದಾವಣಗೆರೆಯಲ್ಲಿ ಸಂಜೆ

ಹೊರಡುವ ಮೊದಲೇ ಅಕ್ಕ ಒಂದು ಷರತ್ತು ಹಾಕಿದ್ದಳು. ಯಾವ ಊರಲ್ಲೂ "ಇಲ್ಲಿ ಏನು ಫೇಮಸ್ಸು?" ಅಂತ ಕೇಳುವಂತಿಲ್ಲ. ಹಾಗೆ ಕೇಳಿದರೆ ಎಲ್ಲರೂ ಒಂದೇ ಬೋರ್ಡು ತೋರಿಸುತ್ತಾರೆ, ಅದರ ಮುಂದೆ ನಮ್ಮಂಥ ಪರಊರಿನವರೇ ನಿಂತಿರುತ್ತಾರೆ. "ನೀವು ಎಲ್ಲಿ ತಿಂತೀರಿ ಅಂತ ಕೇಳು, ಆಗ ನಿಜ ಹೇಳ್ತಾರೆ" ಅಂದಳು. ಭಾವನಿಗೆ ಈ ಚರ್ಚೆಯಲ್ಲಿ ಆಸಕ್ತಿ ಇರಲಿಲ್ಲ. ಹೋಟೆಲು ಅಂದರೆ ಅವರು ಮೊದಲು ನೋಡುವುದು ಗಾಡಿ ನಿಲ್ಲಿಸಲು ಜಾಗ ಇದೆಯಾ ಅಂತ. ರುಚಿ ಆಮೇಲೆ.

ಫೆಬ್ರವರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕತ್ತಲಲ್ಲೇ ಬೆಂಗಳೂರು ಬಿಟ್ಟು, ತುಮಕೂರಿಗೆ ಸ್ವಲ್ಪ ಮೊದಲು ಕ್ಯಾತ್ಸಂದ್ರದಲ್ಲಿ ಇಳಿದಾಗ ಏಳು ಗಂಟೆ. ಸಿದ್ಧಗಂಗಾ ಮಠಕ್ಕೆ ತಿರುಗುವ ಊರು ಇದು. ತಟ್ಟೆ ಇಡ್ಲಿಗೂ ಇದೇ ಊರು. ಹಬೆ ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಕ್ಯಾಷ್ ಕೌಂಟರಿನಲ್ಲಿ ಕೂತವರ ಮುಖವೇ ಕಾಣಲಿಲ್ಲ. ಹುಡುಗ ತಟ್ಟೆಯ ಅಂಚಿನಲ್ಲಿ ಚಮಚ ಒಂದು ಸುತ್ತು ಆಡಿಸಿ, ಇಡ್ಲಿಯನ್ನು ಬಾಳೆ ಎಲೆಗೆ ಕವುಚಿ, ಮೇಲೊಂದು ಚೂರು ಬೆಣ್ಣೆ ಇಟ್ಟ. ಬೆಣ್ಣೆ ಕರಗಿ ಇಡ್ಲಿಯೊಳಗೆ ಇಳಿಯುವವರೆಗೂ ಕಾಯುವ ತಾಳ್ಮೆ ನನಗಿರಲಿಲ್ಲ.

ನಮ್ಮ ಟೇಬಲ್ಲಿಗೇ ಬಂದು ಕೂತವರು ಸಾರಿಗೆ ಬಸ್ಸಿನ ಡ್ರೈವರ್. ಅಕ್ಕ ಸುಮ್ಮನಿರಲಿಲ್ಲ, ಪ್ರಶ್ನೆ ಹಾಕಿಯೇ ಬಿಟ್ಟಳು. ಅವರು ನಕ್ಕರು. "ಇಲ್ಲೇ ತಿಂತೀನಮ್ಮ. ಆದ್ರೆ ಬೆಳಗಿನ ಟ್ರಿಪ್ ಇದ್ದಾಗ ಮಾತ್ರ. ಒಂಬತ್ತು ಗಂಟೆ ಮೇಲೆ ಬಂದ್ರೆ ಇಡ್ಲಿ ಅದೇ, ಚಟ್ನಿ ಬೇರೆ." ಮೊದಲ ಸುತ್ತಿನ ಚಟ್ನಿ ಖಾಲಿಯಾಗಿ, ಜನ ಜಾಸ್ತಿಯಾದಾಗ ಅರ್ಜೆಂಟಿಗೆ ರುಬ್ಬುವ ಚಟ್ನಿಯಲ್ಲಿ ಕಾಯಿ ಕಡಿಮೆ, ಹುರಿಗಡಲೆ ಜಾಸ್ತಿ. ವರ್ಷಗಟ್ಟಲೆ ಅದೇ ಬೆಂಚಿನಲ್ಲಿ ಕೂತು ತಿಂದವರಿಗೆ ಮಾತ್ರ ಗೊತ್ತಾಗುವ ವಿಷಯ ಅಲ್ವಾ? ಭಾವ ಆಗಲೇ ಎರಡನೇ ಇಡ್ಲಿಗೆ ಹೇಳಿಯಾಗಿತ್ತು.

ಶಿರಾ, ಹಿರಿಯೂರು ಬೇಗ ಬೇಗ ಹಿಂದೆ ಹೋದವು. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲಿನ ಗಾಳಿಯಂತ್ರಗಳು ಅರ್ಧ ತಿರುಗುತ್ತಿದ್ದವು, ಅರ್ಧ ನಿಂತಿದ್ದವು. ಹೆದ್ದಾರಿ 48 ಈಗ ಚೆನ್ನಾಗಿದೆ. ಆದರೆ ಲಾರಿಗಳು ಬಲಗಡೆ ಲೇನು ಬಿಡುವುದಿಲ್ಲ, ಎಡಗಡೆಯಿಂದ ಹಿಂದಿಕ್ಕುವ ಆಸೆ ಬೇಡ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಗಿರಣಿಗಳ ಕಾಲ ಮುಗಿಯಿತು, ಮಂಡಕ್ಕಿ ಉಳಿಯಿತು. ಭದ್ರಾ ಕಾಲುವೆಯ ಸುತ್ತಮುತ್ತ ಭತ್ತ, ಊರೊಳಗೆ ಮಂಡಕ್ಕಿ ಭಟ್ಟಿಗಳು. ಸಂಜೆ ಭಟ್ಟಿಗಳ ಕಡೆ ಹೋದೆವು. ಕಾದ ಮರಳಿನ ಬಾಣಲೆಗೆ ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗೆ ಉಬ್ಬಿ ಮೇಲೆ ಬರುತ್ತದೆ. ಜರಡಿ ಹಿಡಿದವರು ಮರಳನ್ನು ಕೆಳಗೆ ಬಿಟ್ಟು ಮಂಡಕ್ಕಿಯನ್ನು ಪಕ್ಕಕ್ಕೆ ಎಸೆಯುತ್ತಾರೆ. ಒಳಗಿನ ಸೆಕೆಗೆ ನಾವು ಐದು ನಿಮಿಷ ನಿಲ್ಲಲಾಗಲಿಲ್ಲ, ಅವರು ದಿನವಿಡೀ ನಿಲ್ಲುತ್ತಾರೆ. ಒಬ್ಬರು ಬೊಗಸೆ ತುಂಬ ಬಿಸಿ ಮಂಡಕ್ಕಿ ಕೊಟ್ಟರು. ಬಿಸಿಯಾಗಿ ತಿಂದರೆ ಅದರಲ್ಲಿ ಅಕ್ಕಿಯ ಪರಿಮಳ ಇನ್ನೂ ಇರುತ್ತದೆ, ಪ್ಯಾಕೆಟ್ಟಿನದರಲ್ಲಿ ಸಿಗುವುದಿಲ್ಲ.

ಈ ಊರಲ್ಲಿ ಸಂಜೆ ಅಂದರೆ ಮಂಡಕ್ಕಿ-ಮೆಣಸಿನಕಾಯಿ. ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿ ಅಂತ ಬಗೆಗಳಿವೆ. ಪಕ್ಕದಲ್ಲಿ ಬೋಂಡದ ಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿ. ಎಲ್ಲಿ ತಿನ್ನಬೇಕು ಅಂತ ಆಟೋದವರನ್ನು ಕೇಳಿದೆವು. ಅವರು ಅಂಗಡಿಯ ಹೆಸರು ಹೇಳಲೇ ಇಲ್ಲ. "ಎಣ್ಣಿ ನೋಡ್ರಿ ಸಾರ್. ಬಾಣಲೆ ಇಟ್ಟು ಒಂದು ತಾಸಿನ ಒಳಗ ಹೋದ್ರೆ ಯಾವ್ ಗಾಡಿ ಆದ್ರೂ ನಡೀತದ." ಅದನ್ನೇ ಪಾಲಿಸಿದೆವು. ಆಗಷ್ಟೇ ಒಲೆ ಹಚ್ಚುತ್ತಿದ್ದ ಗಾಡಿಯ ಮುಂದೆ ನಿಂತು, ಮೊದಲ ಒಬ್ಬೆಯದು ತಿಂದೆವು. ಮೆಣಸಿನಕಾಯಿ ಅಷ್ಟೇನೂ ಖಾರ ಇಲ್ಲ ಅಂತ ಭಾವ ಧೈರ್ಯವಾಗಿ ಹೇಳಿದರು, ತುದಿಯ ಕಡೆಯಿಂದ ತೊಟ್ಟಿನ ಕಡೆಗೆ ಬರುವವರೆಗೂ.

ಶನಿವಾರ: ಬೆಣ್ಣೆ ದೋಸೆ, ಆಮೇಲೆ ಖಾನಾವಳಿ

ಬೆಣ್ಣೆ ದೋಸೆ ಯಾವ ಹೋಟೆಲಿನದು ಅಸಲಿ ಅನ್ನುವ ಜಗಳ ದಾವಣಗೆರೆಯಲ್ಲಿ ಮುಗಿಯುವಂಥದ್ದಲ್ಲ. ಲಾಡ್ಜಿನ ಕೌಂಟರಿನಲ್ಲಿ ಕೇಳಿದರೆ ಅಲ್ಲಿದ್ದ ಹಿರಿಯರು ಒಂದು ಹೆಸರು ಹೇಳಿದರು, ನೆಲ ಒರೆಸುತ್ತಿದ್ದಾಕೆ ತಲೆ ಎತ್ತಿ "ಅಲ್ಲಿ ಈಗ ಬೆಣ್ಣಿ ಕಮ್ಮಿ ಮಾಡ್ಯಾರ" ಅಂದರು. ಇಬ್ಬರಿಗೂ ಹತ್ತಿತು. ಐದು ನಿಮಿಷ ವಾದ ಆದಮೇಲೆ ಹಿರಿಯರು ರಾಜಿಗೆ ಬಂದರು. "ಹೋಟ್ಲು ಬಿಡ್ರಿ. ಹಂಚಿನ ಮುಂದ ಹಳೇ ಮನುಷ್ಯ ನಿಂತಿದ್ರೆ ಒಳಗೆ ಹೋಗ್ರಿ, ಹುಡುಗ್ರು ನಿಂತಿದ್ರೆ ಮುಂದಿನ ಹೋಟ್ಲಿಗೆ ನಡೀರಿ."

ನಾವು ಹೋದಲ್ಲಿ ಹಂಚಿನ ಮುಂದೆ ಇದ್ದವರ ಮೀಸೆ ಪೂರ್ತಿ ಬಿಳಿ. ಕೆಳಗೆ ಸೌದೆ ಒಲೆ, ಗೋಡೆ ಎಲ್ಲ ಮಸಿ. ಅವರು ಹಂಚಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒಮ್ಮೆ ಗುಡಿಸಿ, ಹಿಟ್ಟು ಹೊಯ್ದರು. ತೆಳ್ಳಗೆ ಎಳೆಯಲಿಲ್ಲ, ಬೊಗಸೆಯಷ್ಟು ಅಗಲಕ್ಕೇ ಬಿಟ್ಟರು. ಹಿಟ್ಟಿನ ಮೈಯೆಲ್ಲ ಸಣ್ಣ ಸಣ್ಣ ತೂತು ಬಿದ್ದಮೇಲೆ ಬೆಣ್ಣೆ. ಕೈಯಲ್ಲೇ ತೆಗೆದು ಹಾಕಿದರು, ಚಮಚದ ಲೆಕ್ಕವಿಲ್ಲ. ಮಗುಚುವಾಗ ಅಂಚಿನಲ್ಲಿ ಮತ್ತೊಂದು ಸಲ. ಅಕ್ಕಿ, ಉದ್ದಿನ ಜೊತೆ ಹಿಟ್ಟಿಗೆ ಮಂಡಕ್ಕಿಯೂ ಸೇರುತ್ತದೆ, ಹಾಗಾಗಿ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಸಾಂಬಾರು ಕೇಳಬೇಡಿ. ಕೇಳಿದರೆ ಬೈಯುವುದಿಲ್ಲ, ಎಲ್ಲಿಂದ ಬಂದಿರಿ ಅಂತ ಮಾತ್ರ ಕೇಳುತ್ತಾರೆ. ಬೆಣ್ಣೆ ಅಷ್ಟು ಬೇಡ ಅನ್ನುವವರಿಗೆ ಖಾಲಿ ದೋಸೆ ಇದೆ.

ಎದುರಿಗೆ ಕೂತಿದ್ದ ಮೇಷ್ಟ್ರು ಒಬ್ಬರು ದೋಸೆಯ ಚರಿತ್ರೆ ಹೇಳಿದರು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳ ಜೊತೆ ಬಂದ ಚೆನ್ನಮ್ಮ ಎಂಬಾಕೆ ಇಲ್ಲಿ ದೋಸೆ ಹಾಕಲು ಶುರು ಮಾಡಿದರಂತೆ. ಆಗ ಅದು ರಾಗಿ ದೋಸೆ. ಅಕ್ಕಿ ಹಿಟ್ಟಿಗೆ ಬದಲಾದದ್ದು ಮಕ್ಕಳ ಕಾಲದಲ್ಲಿ. ಊರಿನ ಪ್ರತಿ ಬೆಣ್ಣೆ ದೋಸೆ ಹೋಟೆಲಿನಲ್ಲೂ ಈ ಕಥೆ ಹೇಳುವ ಒಬ್ಬರು ಇದ್ದೇ ಇರುತ್ತಾರೆ ಅನ್ನಿಸಿತು. ಬೆಂಗಳೂರಿನಲ್ಲಿ ದಾವಣಗೆರೆ ಹೆಸರಿನ ಬೋರ್ಡು ಹಾಕಿಕೊಂಡ ಎಷ್ಟೋ ಕಡೆ ತಿಂದಿದ್ದೇನೆ. ಗ್ಯಾಸ್ ಒಲೆಯ ಮೇಲೆ ಆ ಸೌದೆಯ ವಾಸನೆ ಬರುವುದಿಲ್ಲ, ಬೆಣ್ಣೆ ಎಷ್ಟೇ ಸುರಿಯಲಿ.

ಹರಿಹರದಲ್ಲಿ ತುಂಗಭದ್ರೆ ದಾಟಿ, ರಾಣೆಬೆನ್ನೂರು, ಹಾವೇರಿ ಹಾದು ಹುಬ್ಬಳ್ಳಿ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಖಾನಾವಳಿಗೆ ಅದು ತಡವಾದ ಹೊತ್ತು. ನಾವು ಒಳಗೆ ಕಾಲಿಟ್ಟಾಗ ಅರ್ಧ ಬೆಂಚು ಮಡಚಿಟ್ಟಿದ್ದರು. ಅಡುಗೆಮನೆಯಿಂದ ಒಬ್ಬ ಅಜ್ಜಿ ಇಣುಕಿದರು. "ಕಡಕ್ ರೊಟ್ಟಿ ಅದಾವ್ರಿ. ಬಿಸಿ ರೊಟ್ಟಿ ಬೇಕಂದ್ರ ಹತ್ತು ನಿಮಿಷ ಕುಂದ್ರಬೇಕು."

ಕುಂತೆವು. ಅಡುಗೆಮನೆಗೂ ನಮಗೂ ನಡುವೆ ಬರೀ ಒಂದು ಅರ್ಧ ಗೋಡೆ. ಅಜ್ಜಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಕಲ್ಲಿನ ಮೇಲೆ ಒಣ ಹಿಟ್ಟು ಉದುರಿಸಿ ಬಡಿಯತೊಡಗಿದರು. ಎಡಗೈ ಅಂಚು ತಿರುಗಿಸುತ್ತದೆ, ಬಲಗೈ ಬಡಿಯುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿದರು. ಉದುರಿಸಿದ ಒಣ ಹಿಟ್ಟು ಹೋಗಬೇಕು, ಇಲ್ಲದಿದ್ದರೆ ರೊಟ್ಟಿ ಉಬ್ಬುವುದಿಲ್ಲ ಅಂತ ಅಕ್ಕನಿಗೆ ಅಲ್ಲಿಂದಲೇ ಪಾಠ. ತಟ್ಟೆಯಲ್ಲಿ ಎಣ್ಣೆಗಾಯಿ ಬದನೆ, ಮಡಿಕೆ ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ. ಹಿಂಡಿಗೆ ಮೊಸರು ಕಲಸಿಕೊಂಡು ತಿನ್ನುವುದೋ, ಎಣ್ಣೆ ಕಲಸಿಕೊಂಡು ತಿನ್ನುವುದೋ ಅನ್ನುವುದು ಇಲ್ಲಿ ಮನೆ ಮನೆಯ ಪ್ರಶ್ನೆ. ಎರಡನ್ನೂ ಮಾಡಿದೆ. ನನ್ನ ಓಟು ಎಣ್ಣೆಗೆ.

ತಡವಾಗಿ ಹೋದವರಿಗೆ ಪಲ್ಯದಲ್ಲಿ ಆಯ್ಕೆ ಇರುವುದಿಲ್ಲ. ಆದರೆ ಅಡುಗೆಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ನೀವು ಎಲ್ಲಿ ಊಟ ಮಾಡ್ತೀರಿ ಅಂತ ಅಜ್ಜಿಯನ್ನು ಕೇಳಿದಾಗ "ಇಲ್ಲೇ, ಎಲ್ಲಾರದೂ ಆದಮ್ಯಾಲ. ಒಂದ್ ಕಡಕ್ ರೊಟ್ಟಿ, ಮಜ್ಜಿಗಿ" ಅಂದರು. ಇಡೀ ದಿನ ಬಿಸಿ ರೊಟ್ಟಿ ಬಡಿಯುವವರು ತಿನ್ನುವುದು ಕಡಕ್ ರೊಟ್ಟಿ.

ಸಂಜೆ ದುರ್ಗದಬೈಲ್. ಹುಬ್ಬಳ್ಳಿಯ ಈ ಹಳೆ ಮಾರುಕಟ್ಟೆಯಲ್ಲಿ ಕಾರು ನಿಲ್ಲಿಸುವ ಯೋಚನೆ ಯಾರೂ ಮಾಡುವುದಿಲ್ಲ. ಭಾವ ಮಾಡಿದರು, ಅಷ್ಟೇ ಅಲ್ಲ, ಗಲ್ಲಿಯೊಂದರಲ್ಲಿ ಭರ್ಜರಿ ಜಾಗವನ್ನೂ ಹುಡುಕಿದರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕಾರಿನ ಮುಂದೆ ಬಳೆ ಗಾಡಿ, ಹಿಂದೆ ತರಕಾರಿ ಗಾಡಿ. ತರಕಾರಿ ಮಾರುವಾಕೆ ಒಂಚೂರೂ ಗಾಬರಿಯಾಗಲಿಲ್ಲ. "ಒಂಬತ್ತೂವರೆಗೆ ತಗೀತೀನ್ರೀ ಅಣ್ಣಾರ. ಅಲ್ಲೀ ಮಟಾ ಏನರ ತಿನ್ರಿ."

ತಿನ್ನುವುದೇ ಕೆಲಸವಾಗಿದ್ದವರಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಇದೆಯಾ? ಅಕ್ಕ ಆಕೆಯನ್ನೇ ಕೇಳಿದಳು. ಆಕೆ ಎದುರಿನ ಗಿರ್ಮಿಟ್ ಗಾಡಿಯ ಕಡೆ ಕೈ ತೋರಿಸಿ, "ಈಗ ಬ್ಯಾಡ್ರಿ ಅಕ್ಕಾರ, ಏಳೂವರೆಗೆ ಹೊಸಾ ಮಸಾಲಿ ಮಾಡ್ತಾನ, ಆವಾಗ ಹೋಗ್ರಿ" ಅಂದರು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಡ್ರೈವರ್ ಹೇಳಿದ್ದು, ಆಟೋದವರು ಹೇಳಿದ್ದು, ಈಗ ಈಕೆ ಹೇಳಿದ್ದು ಎಲ್ಲ ಒಂದೇ. ಎಲ್ಲಿ ಅಂತ ಕೇಳಿದರೆ ಊರವರು ಉತ್ತರ ಕೊಡುವುದು ಯಾವಾಗ ಅಂತ. ಹೋಟೆಲುಗಳಿಗೆ ಅಂಕ ಕೊಡುವ ನಮ್ಮಂಥವರು ಹೊತ್ತನ್ನು ಬರೆಯುವುದೇ ಇಲ್ಲ. ನಾಲ್ಕು ಗಂಟೆಗೆ ತಣ್ಣಗಾದ ವಡೆ ತಿಂದು "ಹೆಸರಿಗೆ ತಕ್ಕಂತೆ ಇಲ್ಲ" ಅಂದುಬಿಡುತ್ತೇವೆ.

ಏಳೂವರೆಗೆ ಹೋದೆವು. ಈರುಳ್ಳಿ, ಟೊಮೆಟೊ, ಹಸಿ ಮೆಣಸಿನಕಾಯಿ, ಅರಿಶಿನ ಹಾಕಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆ ರಸ, ಬೆಲ್ಲ ಬಿಟ್ಟ ಮಸಾಲೆ ಇನ್ನೂ ಗುಳುಗುಳು ಅನ್ನುತ್ತಿತ್ತು. ಅದನ್ನು ಚುರಮುರಿಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಕೈಯಲ್ಲೇ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕದಲ್ಲೊಂದು ಮಿರ್ಚಿ. ಫೋಟೋ ತೆಗೆಯಲು ಹೋದರೆ ಮೆತ್ತಗಾಗುತ್ತದೆ. ಗಾಡಿಯವರೇ "ಮೊದ್ಲ ತಿನ್ನೋ ತಮ್ಮಾ" ಅಂತ ಗದರಿದರು.

ನಮ್ಮ ಕಾರು ಹೊರಬಂದಾಗ ಹತ್ತಾಗುತ್ತಿತ್ತು.

ಭಾನುವಾರ: ಚಿಗರಿ ಹತ್ತಿ ಧಾರವಾಡ, ರಾತ್ರಿ ಸಾವಜಿ

ಭಾವ ಕಾರಿನ ಕೀಲಿ ಮುಟ್ಟಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರು, ಚಿಗರಿ ಬಸ್ಸುಗಳಿಗೆ ರಸ್ತೆಯ ನಡುವೆ ಬೇರೆಯೇ ದಾರಿ ಇದೆ. ಎಸಿ ಬಸ್ಸು, ಟ್ರಾಫಿಕ್ಕಿನ ಕಾಟವಿಲ್ಲ. ಅವಳಿ ನಗರಕ್ಕೆ ಹೋಗುವವರು ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಇದನ್ನು ಹತ್ತುವುದು ಒಳ್ಳೆಯದು.

ಧಾರವಾಡ ಅಂದಮೇಲೆ ಪೇಢೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಕುಟುಂಬ ಲೈನ್ ಬಜಾರಿನಲ್ಲಿ ಶುರು ಮಾಡಿದ ಸಿಹಿ ಇದು. ಈಗ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆಯೂ ಇದೆ. ಗವಳಿಗರು ಸಾಕುವ ಎಮ್ಮೆಗಳ ಹಾಲು, ಅದರ ಖೋವಾ, ಸಕ್ಕರೆ. ಕಂದು ಬಣ್ಣ ಬರುವವರೆಗೂ ಕೈಯಾಡಿಸುತ್ತಲೇ ಇರಬೇಕು. ನಾವು ಹೋದ ಅಂಗಡಿಯಲ್ಲಿ ಹನ್ನೊಂದೂವರೆಗೇ ಟ್ರೇ ಖಾಲಿ. "ಇವತ್ತಿಂದು ಮುಗೀತ್ರಿ" ಅಂದವರ ದನಿಯಲ್ಲಿ ಬೇಸರವೂ ಇಲ್ಲ, ಜಂಬವೂ ಇಲ್ಲ. ನಮ್ಮ ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಸಮಾಧಾನ ಮಾಡಿದಳು. ಅವಳ ಮನೆಯಲ್ಲಿ ದಿನಾ ತಿನ್ನುವುದು ಈ ಅಂಗಡಿಯದಲ್ಲವಂತೆ, ಬೀದಿ ಕೊನೆಯದಂತೆ. ಇಲ್ಲಿಂದ ಒಯ್ಯುವುದು ಬೆಂಗಳೂರಿನ ನೆಂಟರಿಗೆ ಮಾತ್ರ!

ಬೀದಿ ಕೊನೆಯದನ್ನು ತಂದೆವು. ಮೇಲಿನ ಸಕ್ಕರೆ ಪುಡಿ ಬೆರಳಿಗೆ ಅಂಟಿತು, ಒಳಗೆ ತರಿತರಿ, ಕೊನೆಯಲ್ಲಿ ಸ್ವಲ್ಪ ಸುಟ್ಟ ಹಾಲಿನ ಕಹಿ. ಆ ಕಹಿ ಇಲ್ಲದ ಪೇಢೆ ಬರೀ ಸಿಹಿ ಮುದ್ದೆ, ನನಗೆ ಬೇಡ. ಪ್ರಯಾಣಕ್ಕೆ ಒಯ್ಯುವವರು ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಸಕ್ಕರೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಶನಿವಾರ ಅಕ್ಕ ಮಾಂಸ ಮುಟ್ಟುವುದಿಲ್ಲ, ಸೋಮವಾರ ಭಾವ ಮುಟ್ಟುವುದಿಲ್ಲ. ಹಾಗಾಗಿ ಸಾವಜಿ ಊಟಕ್ಕೆ ಉಳಿದದ್ದು ಭಾನುವಾರ ರಾತ್ರಿ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡುಗೆ ಇದು, ಹುಬ್ಬಳ್ಳಿಯಲ್ಲಿ ಸಾವಜಿ ಬೋರ್ಡು ಹಲವು ಕಡೆ ಕಾಣುತ್ತದೆ. ಭಾನುವಾರ ಅಂದರೆ ಜಾತ್ರೆ. ಬಾಗಿಲಲ್ಲಿ ಹೆಸರು ಬರೆಸುವ ಪದ್ಧತಿ ಇಲ್ಲ, ಯಾರ ತಟ್ಟೆ ಖಾಲಿಯಾಗುತ್ತಿದೆಯೋ ಅವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಹಾಗೆ ನಿಂತಾಗ ತಿನ್ನುತ್ತಿದ್ದವರು ತಿರುಗಿ, "ಖಾರ ನಡೀತೈತೇನ್ರಿ?" ಅಂತ ಕೇಳಿದರು. ನಡೀತದೆ ಅಂದೆ. ಅವರು ಮಾಣಿಗೆ ಕೂಗಿ "ಇವರಿಗೆ ಮ್ಯಾಲಿನ ಎಣ್ಣಿ ತಗದು ಹಾಕು" ಅಂದುಬಿಟ್ಟರು. ನನ್ನ ಮುಖ ನೋಡಿಯೇ ತೀರ್ಪು ಕೊಟ್ಟಿದ್ದರು.

ಎಣ್ಣೆ ತೆಗೆದು ಹಾಕಿದ ಮಟನ್ ರಸವೇ ಕೆಂಡದ ಬಣ್ಣಕ್ಕಿತ್ತು. ಮೊದಲ ತುತ್ತಿಗೆ ಖಾರ ಗೊತ್ತಾಗುವುದಿಲ್ಲ, ಹುರಿದ ಮಸಾಲೆಯ ಘಮ ಮಾತ್ರ. ನಾಲ್ಕನೆಯದಕ್ಕೆ ಕಿವಿ ಬಿಸಿಯಾಯಿತು. ಅಕ್ಕ ಒಂದು ಮಾತೂ ಆಡದೆ, ಒಂದು ಲೋಟ ನೀರೂ ಕುಡಿಯದೆ ಊಟ ಮುಗಿಸಿದಳು. ಭಾವನಿಗೆ ಬಿಕ್ಕಳಿಕೆ ಶುರುವಾದದ್ದು ಲಾಡ್ಜಿನವರೆಗೂ ನಿಲ್ಲಲಿಲ್ಲ. ನೀರು ಕುಡಿದರೆ ಪ್ರಯೋಜನವಿಲ್ಲ, ಬಿಳಿ ಅನ್ನ ತಿನ್ನಬೇಕು ಅಂತ ಕ್ಯಾಷಿನಲ್ಲಿದ್ದವರು ಹೇಳಿದರು. ಅಷ್ಟರಲ್ಲಿ ಅನ್ನ ಮುಗಿದಿತ್ತು.

ಸೋಮವಾರ: ಬ್ಯಾಡಗಿ ಮಾರುಕಟ್ಟೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ವಾಪಸು ಬರುವ ದಿನವನ್ನು ಅದಕ್ಕೇ ಸೋಮವಾರಕ್ಕೆ ಇಟ್ಟುಕೊಂಡಿದ್ದೆವು. ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿದರೆ ಕಿಟಕಿ ಮುಚ್ಚಿದ್ದರೂ ಗಂಟಲು ಕೆರೆಯುತ್ತದೆ. ಮಾರುಕಟ್ಟೆಯ ಗೇಟಿನಲ್ಲಿ ಇಳಿದದ್ದೇ ತಡ, ಮೂವರಿಗೂ ಸೀನು. ಕರವಸ್ತ್ರ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳಿ ಅಂತ ಚಹಾದಂಗಡಿಯವರು ಹೇಳಿದರು. ಹೋಗುವವರು ಇದೊಂದನ್ನು ಮರೆಯಬೇಡಿ.

ಒಳಗೆ ಚೀಲಗಳು, ರಾಶಿಗಳು, ಕೆಂಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಸುಕ್ಕು ಸುಕ್ಕಾಗಿ ಗಿಡ್ಡಗಿರುವುದು ಡಬ್ಬಿ, ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. ಬ್ಯಾಡಗಿ ಹೆಸರುವಾಸಿ ಬಣ್ಣಕ್ಕೆ, ಖಾರ ಕಡಿಮೆ. 2011ರಲ್ಲಿ ಇದಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬಣ್ಣ ತೆಗೆಯುವ ಕಾರ್ಖಾನೆಗಳು ಕೊಳ್ಳುತ್ತವೆ, ಆ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ವರ್ತಕರೊಬ್ಬರು ಎರಡು ಕಾಯಿ ಮುರಿದು ತೋರಿಸಿದರು. ಅಸಲಿ ಕಾಯಿ ಮುರಿದರೆ ಟಪ್ ಅನ್ನುವುದಿಲ್ಲ, ಬಾಗಿ ನಿಧಾನವಾಗಿ ಹರಿಯುತ್ತದೆ, ಬೆರಳಿಗೆ ಎಣ್ಣೆಯಂಥ ಕೆಂಪು ಹತ್ತುತ್ತದೆ. ತೊಟ್ಟು ತೆಗೆಯುತ್ತ ಕೂತಿದ್ದ ಹೆಂಗಸರು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದರು, ಯಾರೂ ಸೀನುತ್ತಿರಲಿಲ್ಲ. ನಾವು ಸೀನಿದಾಗಲೆಲ್ಲ ಅವರಿಗೆ ನಗು.

ಕಡ್ಡಿ, ಡಬ್ಬಿ ಎರಡನ್ನೂ ಬೆರೆಸಿ ಕೊಂಡೆವು. ಸಾರಿನ ಪುಡಿಗೆ ಬಣ್ಣ ಒಂದರಿಂದ, ಸ್ವಲ್ಪ ಚುರುಕು ಇನ್ನೊಂದರಿಂದ ಅಂತ ಅಕ್ಕನ ಲೆಕ್ಕ. ಚೀಲ ಹೊತ್ತುಕೊಟ್ಟ ಹಮಾಲರನ್ನು ಕೊನೆಯದಾಗಿ ಕೇಳಿದೆ, ಇಲ್ಲಿ ನೀವು ಎಲ್ಲಿ ಊಟ ಮಾಡ್ತೀರಿ?

"ಮನೀಂದ ಬುತ್ತಿ ತರ್ತೀನ್ರಿ. ಇಲ್ಲಿ ಹೋಟ್ಲದಾಗ ಖಾರ ಭಾಳ."

ಭಾವ ಇನ್ನೊಂದು ಸಲ ಸೀನಿದರು. ಆಮೇಲೆ ಚಿತ್ರದುರ್ಗ ದಾಟುವವರೆಗೂ ಮಜ್ಜಿಗೆ ಮಾರುವವರು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದರು, ಪಾರ್ಕಿಂಗ್ ಇದೆಯಾ ಅಂತ ನೋಡದೆ.